ಬಾಡಿಗೆ ಸೆಸ್ನಾ, ಪಾಲಿನ ಚೆರೋಕಿ, ಹೋಂಬಿಲ್ಟ್ ಆರ್‌ವಿ: ಮೂರನ್ನೂ ಹಾರಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಸೆಕೆಂಡ್ ಹ್ಯಾಂಡ್ ಹೋಂಬಿಲ್ಟ್ ವಿಮಾನಕ್ಕೆ (ಹವ್ಯಾಸಿಗಳು ತಾವೇ ಕಟ್ಟಿದ್ದು), ಅದರ ಜೊತೆ ಹಾರುವಾಗ ನಕ್ಷೆ, ಹವಾಮಾನ ತೋರಿಸುವ, ದುಡ್ಡು ಕೇಳದ ಆ್ಯಪ್‌ಗೆ.

ಟೆಕ್ಸಾಸ್‌ನಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ತೆಗೆದುಕೊಂಡ ಮೇಲೆ ಕೆಲವು ವರ್ಷ ಕ್ಲಬ್ಬಿನ ಸೆಸ್ನಾ 172 ಬಾಡಿಗೆಗೆ ಹಾರಿಸಿದೆ. ಆಮೇಲೆ ಇಬ್ಬರು ಗೆಳೆಯರ ಜೊತೆ ಹಳೆಯ ಪೈಪರ್ ಚೆರೋಕಿಯಲ್ಲಿ ಪಾಲು ತಗೊಂಡೆ. 2019ರಿಂದ ಆರ್‌ವಿ-6ಎ ಅನ್ನುವ ಒಂದು ಹೋಂಬಿಲ್ಟ್ ನನ್ನದೇ. ಇಲ್ಲಿ ಹೊಸದಾಗಿ ಹಾರಾಟ ಕಲಿಯುತ್ತಿರುವ ನಮ್ಮ ಕನ್ನಡದ ಹುಡುಗರು ಸಿಕ್ಕಾಗೆಲ್ಲ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಆ್ಯಪ್ ತಗೊಳ್ಳಲಿ? ವಿಮಾನ ಕೊಳ್ಳಲಾ, ಬಾಡಿಗೆಯೇ ಸಾಕಾ? ನನ್ನ ಪ್ರಕಾರ ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿಯೇ ಬಗೆಹರಿಯುತ್ತದೆ. ನೀವು ಹಾರಿಸುವ ವಿಮಾನದ ಪ್ಯಾನೆಲ್‌ನಲ್ಲಿ, ಅಂದರೆ ಪೈಲಟ್ ಮುಂದಿನ ಉಪಕರಣಗಳ ಹಲಗೆಯಲ್ಲಿ, ಏನಿದೆ ಅನ್ನುವುದರ ಮೇಲೆ ಆ್ಯಪ್‌ಗೆ ಎಷ್ಟು ಕೊಡಬೇಕು ಅನ್ನುವುದು ನಿಂತಿದೆ.

ಹೋಂಬಿಲ್ಟ್ ಅಂದರೆ ಯಾರೋ ತಗಡು ಬಡಿದು ಮಾಡಿದ ವಿಮಾನ ಅಂದುಕೊಳ್ಳಬೇಡಿ. ಕಂಪನಿಯ ಕಿಟ್ ಅಥವಾ ನಕ್ಷೆ ತಂದು, ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದರೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಅದನ್ನು ಎಕ್ಸ್‌ಪೆರಿಮೆಂಟಲ್ ಅಮೆಚೂರ್-ಬಿಲ್ಟ್ ಅಂತ ವರ್ಗೀಕರಿಸುತ್ತದೆ. ಶುರುವಿನಲ್ಲಿ ಸಾಮಾನ್ಯವಾಗಿ 25 ಅಥವಾ 40 ಗಂಟೆ ಗೊತ್ತುಪಡಿಸಿದ ಜಾಗದೊಳಗೇ ಹಾರಿಸಿ ಪರೀಕ್ಷೆ ಮಾಡಬೇಕು. ಆರ್‌ವಿ ಸರಣಿಯ ಕಿಟ್‌ಗಳು ಆರಿಗಾನ್‌ನ ಅರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್‌ನವು. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಶುರು ಮಾಡಿದ ಕಂಪನಿ. ಅವರ ಕಿಟ್‌ಗಳಿಂದ ಹುಟ್ಟಿ ಹಾರಿದ ವಿಮಾನಗಳು ಹತ್ತು ಸಾವಿರ ದಾಟಿವೆ. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ 1987ರಲ್ಲಿ ಹಾರಿಸಿದ ತನ್ನ ಪುಟ್ಟ ಸಂಶೋಧನಾ ವಿಮಾನಕ್ಕೆ ಆಧಾರ ಮಾಡಿಕೊಂಡದ್ದು ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಜಿ ಅನ್ನುವ ಹೋಂಬಿಲ್ಟ್ ವಿನ್ಯಾಸವನ್ನೇ.

ಕ್ಲಬ್ಬಿನ ಸೆಸ್ನಾ ಬಗ್ಗೆ ಹೇಳುವುದು ಕಡಿಮೆ. ಒಳ್ಳೆಯ ವಿಮಾನ, ನಾಲ್ಕು ಸೀಟು, ಕೆಟ್ಟರೆ ತಲೆನೋವು ನಿಮ್ಮದಲ್ಲ. ಆದರೆ ಶನಿವಾರ ಬೆಳಿಗ್ಗೆ ಬೇಕು ಅಂದರೆ ಸಿಗುವುದಿಲ್ಲ. ರಾತ್ರಿ ಎಲ್ಲಾದರೂ ಉಳಿದರೆ ದಿನಕ್ಕೆ ಇಷ್ಟು ಗಂಟೆ ಅಂತ ಬಾಡಿಗೆ ಕಟ್ಟಲೇಬೇಕು. ಪ್ಯಾನೆಲ್‌ನಲ್ಲಿ ಒಂದು ಹಳೆಯ ಜಿಪಿಎಸ್, ಅದರ ಡೇಟಾಬೇಸ್ ಅಪ್‌ಡೇಟ್ ಆಗಿದೆಯೋ ಇಲ್ಲವೋ ನಾವೇ ನೋಡಿಕೊಳ್ಳಬೇಕು. ಹಾಗಾಗಿ ಅಲ್ಲಿ ಆ್ಯಪ್ ಮುಖ್ಯವಾಗುತ್ತದೆ. ಆಗ ನಾನು ಫೋರ್‌ಫ್ಲೈಟ್ ಇಟ್ಟುಕೊಂಡಿದ್ದೆ, ಅದೂ ದುಬಾರಿ ಪ್ಲಾನ್. ಆಗ ವರ್ಷಕ್ಕೆ ಸುಮಾರು 300 ಡಾಲರ್, ಈಗ ಇನ್ನೂ ಜಾಸ್ತಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹವಾಮಾನ, ತೂಕದ ಲೆಕ್ಕ, ಫ್ಲೈಟ್ ಪ್ಲಾನ್, ಚಾರ್ಟು (ಪೈಲಟ್‌ಗಳ ನಕ್ಷೆ) ಎಲ್ಲ ಒಂದೇ ಕಡೆ. ಇನ್‌ಸ್ಟ್ರಕ್ಟರ್‌ಗಳೆಲ್ಲ ಅದನ್ನೇ ಬಳಸುವುದರಿಂದ ಕಲಿಯುವವರಿಗೆ ಅದೇ ಸುಲಭ.

ಚೆರೋಕಿಯ ಪಾಲು ನೋಡಲು ಚೆನ್ನಾಗಿತ್ತು. ಖರ್ಚು ಮೂರು ಭಾಗ, ಹ್ಯಾಂಗರ್ ಮೂರು ಭಾಗ. ತೊಂದರೆ ಬಂದದ್ದು ಕಾರ್ಖಾನೆಯ ಸರ್ಟಿಫೈಡ್ ವಿಮಾನಕ್ಕೆ ಇರುವ ಕಟ್ಟುಪಾಡುಗಳಿಂದ. ಎಣ್ಣೆ ಬದಲಿಸುವುದು, ಟೈರು, ಸ್ಪಾರ್ಕ್ ಪ್ಲಗ್ ಇಂಥ ಸಣ್ಣ ಕೆಲಸವನ್ನು ಮಾಲೀಕ ಪೈಲಟ್ ಮಾಡಬಹುದು. ಅದಕ್ಕಿಂತ ಆಚೆ ಲೈಸೆನ್ಸ್ ಇರುವ ಮೆಕ್ಯಾನಿಕ್ ಬೇಕು. ವರ್ಷದ ತಪಾಸಣೆಗೆ ಅವರಲ್ಲೂ ಐಎ (ಇನ್‌ಸ್ಪೆಕ್ಷನ್ ಆಥರೈಸೇಷನ್) ಅನ್ನುವ ಹೆಚ್ಚಿನ ಅಧಿಕಾರ ಇರುವವರೇ ಸಹಿ ಹಾಕಬೇಕು. ಬಿಡಿಭಾಗ ಅನುಮೋದನೆ ಪಡೆದದ್ದೇ ಆಗಬೇಕು. ನಮ್ಮ ಆಲ್ಟರ್ನೇಟರ್ ಹೋದಾಗ ಬಂದ ಬಿಲ್ಲಿನಲ್ಲಿ ಕಾರಿಗೆ ಮೂರ್ನಾಲ್ಕು ಆಲ್ಟರ್ನೇಟರ್ ಹಾಕಿಸಬಹುದಿತ್ತು. 2016ರ ಸುಮಾರಿಗೆ ಹೋಂಬಿಲ್ಟ್‌ಗಳ ಅಗ್ಗದ ಡಿಜಿಟಲ್ ಉಪಕರಣಗಳನ್ನು ಸರ್ಟಿಫೈಡ್ ವಿಮಾನಕ್ಕೂ ಹಾಕಲು ದಾರಿ ಆಗಿ ಸ್ವಲ್ಪ ಉಸಿರಾಡುವಂತಾಯಿತು, ನಿಜ. ಆದರೂ ಕೂರಿಸುವ ಕೂಲಿ ಉಪಕರಣದ ಬೆಲೆಯನ್ನೇ ಮೀರಿಸುತ್ತಿತ್ತು. ಗೆಳೆಯರಲ್ಲಿ ಒಬ್ಬರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ವಿಮಾನ ಮಾರಿದೆವು.

ಆಗ ಈ ಆರ್‌ವಿ-6ಎ ಕಣ್ಣಿಗೆ ಬಿತ್ತು. ಅಕ್ಕಪಕ್ಕ ಎರಡು ಸೀಟು, ಮುಂದೆ 160 ಕುದುರೆಶಕ್ತಿಯ ಲೈಕಮಿಂಗ್ ಓ-320, ಮೇಲೆ ಪೂರ್ತಿ ಗಾಜಿನಂಥ ಕ್ಯಾನಪಿ. ಕಟ್ಟಿದವರು ನಿವೃತ್ತ ಎಲೆಕ್ಟ್ರಿಷಿಯನ್. ಪ್ಯಾನೆಲ್ ಹಿಂದಿನ ಒಂದೊಂದು ವೈರಿಗೂ ನಂಬರ್ ಹಚ್ಚಿದ್ದರು. ವಯಸ್ಸಾಯಿತು ಅಂತ ಮಾರುತ್ತಿದ್ದರು. ಸೆಸ್ನಾ 172 ಸುಮಾರು 110 ನಾಟ್ (ಗಂಟೆಗೆ 200 ಕಿ.ಮೀ. ಆಸುಪಾಸು) ವೇಗದಲ್ಲಿ ಹೋದರೆ ಇದು ಹೆಚ್ಚುಕಡಿಮೆ ಅಷ್ಟೇ ಪೆಟ್ರೋಲ್ ಕುಡಿದು 150 ದಾಟುತ್ತದೆ.

ಇನ್ನು ಇದರ ಒಂದೇ ಒಂದು ಕಿರಿಕಿರಿ. ಕೊಳ್ಳುವ ಮುಂಚೆ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ಅದಕ್ಕೇ ನಾನು ಉದ್ದ ಬರೆಯುತ್ತೇನೆ.

ಹೋಂಬಿಲ್ಟ್ ವಿಮಾನದ ರಿಪೇರಿಯನ್ನು ಯಾರು ಬೇಕಾದರೂ ಮಾಡಬಹುದು. ನಾನು ಬ್ರೇಕ್ ಬಿಚ್ಚಬಹುದು, ಎಂಜಿನ್ನಿನ ಸಿಲಿಂಡರ್ ಬೇಕಾದರೂ ಬದಲಿಸಬಹುದು, ಲಾಗ್‌ಬುಕ್ಕಿನಲ್ಲಿ ನಾನೇ ಬರೆಯಬಹುದು. ಆದರೆ ಹನ್ನೆರಡು ತಿಂಗಳಿಗೊಮ್ಮೆ ಕಂಡಿಷನ್ ಇನ್‌ಸ್ಪೆಕ್ಷನ್ ಆಗಲೇಬೇಕು. ಅದಕ್ಕೆ ಸಹಿ ಹಾಕಲು ಕಟ್ಟಿದವರಿಗೆ ಎಫ್‌ಎಎ ಒಂದು ರಿಪೇರ್‌ಮ್ಯಾನ್ ಸರ್ಟಿಫಿಕೇಟ್ ಕೊಡುತ್ತದೆ. ಆ ಸರ್ಟಿಫಿಕೇಟ್ ಕಟ್ಟಿದ ಮನುಷ್ಯನಿಗೆ, ಅದೂ ಆ ಒಂದು ವಿಮಾನಕ್ಕೆ ಮಾತ್ರ. ವಿಮಾನ ಮಾರಿದರೆ ಕೊಂಡವನಿಗೆ ಅದು ದಾಟುವುದಿಲ್ಲ. ನಾನು ಕೊಂಡಾಗ ನನ್ನಂಥ ಎರಡನೇ ಮಾಲೀಕನಿಗೆ ಉಳಿದ ದಾರಿ ಎ ಅಂಡ್ ಪಿ (ವಿಮಾನದ ದೇಹ ಮತ್ತು ಎಂಜಿನ್ ಎರಡರ) ಲೈಸೆನ್ಸ್ ಇರುವ ಮೆಕ್ಯಾನಿಕ್. ಐಎ ಅಧಿಕಾರ ಬೇಡ, ಬರೀ ಎ ಅಂಡ್ ಪಿ ಸಾಕು. ಕೇಳಲು ಸುಲಭ, ಅಲ್ವಾ?

ಮೊದಲ ವರ್ಷ ನಮ್ಮ ಏರ್‌ಪೋರ್ಟಿನ ಮೆಕ್ಯಾನಿಕ್ ಹತ್ತಿರ ಹೋದೆ. "ಎಕ್ಸ್‌ಪೆರಿಮೆಂಟಲ್ ಮುಟ್ಟಲ್ಲ" ಅಂದರು, ಅಷ್ಟೇ. ಪಕ್ಕದ ಕೌಂಟಿಯಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತೇನೆ, ಸಹಿ ಮಾತ್ರ ಹಾಕಲ್ಲ ಅಂದರು. ಮೂರನೆಯವರು ಒಪ್ಪಿದರು. ಆದರೆ ಸರ್ಟಿಫೈಡ್ ವಿಮಾನದ ರೀತಿಯಲ್ಲೇ ಅನುಮೋದಿತ ಭಾಗಗಳ ಪಟ್ಟಿ ಕೇಳಿದರು. ಈ ವಿಮಾನಕ್ಕೆ ಅಂಥ ಪಟ್ಟಿಯೇ ಇಲ್ಲ ಅಂತ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಅವರ ಕಡೆಯಿಂದ ನೋಡಿದರೆ ಅರ್ಥವಾಗುತ್ತದೆ. ಎಲ್ಲೋ ಯಾರೋ ಗ್ಯಾರೇಜಿನಲ್ಲಿ ರಿವೆಟ್ ಹೊಡೆದ ವಿಮಾನ. ನಾಳೆ ಏನಾದರೂ ಆದರೆ ವಕೀಲರು ಮೊದಲು ಬರುವುದು ಸಹಿ ಹಾಕಿದವರ ಬಾಗಿಲಿಗೆ. ಆದರೆ ಅಷ್ಟು ಹೊತ್ತಿಗೆ ನನ್ನ ತಪಾಸಣೆಯ ಅವಧಿ ಮುಗಿದಿತ್ತು. ಒಳ್ಳೆಯ ಹವೆಯ ವಾರಗಳಲ್ಲಿ ವಿಮಾನ ಹ್ಯಾಂಗರ್‌ನಲ್ಲೇ ನಿಂತಿತ್ತು. ಬಾಡಿಗೆ ಮಾತ್ರ ತಿಂಗಳು ತಿಂಗಳೂ ಹೋಗುತ್ತಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ಇಎಎ ಚಾಪ್ಟರ್‌ನಲ್ಲಿ. ಇಎಎ ಅಂದರೆ ಹೋಂಬಿಲ್ಟ್‌ನವರ ಸಂಘ, 1953ರಲ್ಲಿ ಪಾಲ್ ಪೊಬೆರೆಜ್ನಿ ಶುರು ಮಾಡಿದ್ದು. ಓಶ್‌ಕಾಶ್‌ನಲ್ಲಿ ಪ್ರತಿ ಬೇಸಿಗೆಯ ದೊಡ್ಡ ಏರ್ ಶೋ ಅವರದೇ. ಚಾಪ್ಟರ್‌ನಲ್ಲಿ ತಾವೇ ಆರ್‌ವಿ ಕಟ್ಟಿದ ಒಬ್ಬ ಎ ಅಂಡ್ ಪಿ ಇದ್ದರು. ಅವರ ಷರತ್ತು ಒಂದೇ: ಬಿಚ್ಚುವುದು, ಮುಚ್ಚುವುದು ನೀನು, ನೋಡುವುದು ನಾನು.

ಅಲ್ಲಿಂದ ಈ ತಪಾಸಣೆ ವರ್ಷದಲ್ಲಿ ನನಗೆ ಅತಿ ಇಷ್ಟವಾದ ವಾರಾಂತ್ಯ ಆಗಿಬಿಟ್ಟಿದೆ. ಎಂಜಿನ್ ಬಿಸಿ ಇರುವಾಗಲೇ ಅದರ ಮೇಲಿನ ಮುಚ್ಚಳ, ಅಂದರೆ ಕೌಲಿಂಗ್, ತೆಗೆದು ಕಂಪ್ರೆಷನ್ ನೋಡುತ್ತೇವೆ. ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ಬಿಟ್ಟರೆ ಎರಡನೇ ಗೇಜ್ ಎಷ್ಟು ಹಿಡಿದಿದೆ ತೋರಿಸುತ್ತದೆ. 76 ಬಂದರೆ ಖುಷಿ. ಕಡಿಮೆಯಾದರೆ ಕಿವಿ ಕೊಡಬೇಕು. ಎಕ್ಸಾಸ್ಟ್ ಪೈಪಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ಹಾಕುವ ಬಾಯಲ್ಲಿ ಸುಯ್ ಅಂದರೆ ಪಿಸ್ಟನ್ ರಿಂಗ್ ಸೋರುತ್ತಿದೆ ಅಂತ. ಆಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಟಾರ್ಚ್ ಬಿಟ್ಟು ಲೋಹದ ಮಿನುಗು ಇದೆಯಾ ಅಂತ ಹುಡುಕುತ್ತೇವೆ. ಒಂದು ವರ್ಷ ಎಕ್ಸಾಸ್ಟ್ ಪೈಪಿನ ಬೆಸುಗೆ ಹತ್ತಿರ ಕೂದಲೆಳೆಯಂಥ ಬಿರುಕು ಸಿಕ್ಕಿತು. ಅದು ನನ್ನ ಕಣ್ಣಿಗೇ ಬಿದ್ದದ್ದು. ಚೆರೋಕಿಯ ಕಾಲದಲ್ಲಿ ನಾನು ಕೀ ಕೊಟ್ಟು ಬರುತ್ತಿದ್ದೆ, ಬಿಲ್ಲು ಬರುತ್ತಿತ್ತು. ಈಗ ಹಾರುವಾಗ ಕಾಲಿನ ಕೆಳಗೆ ಏನಿದೆ ಅಂತ ನನಗೆ ಗೊತ್ತಿದೆ. ಕೊಳ್ಳುವವರಿಗೆ ನಾನು ಹೇಳುವುದು ಇದೇ: ವಿಮಾನ ನೋಡಲು ಹೋಗುವ ಮುಂಚೆ ಸಹಿ ಹಾಕುವ ಮೆಕ್ಯಾನಿಕ್ ಯಾರು ಅಂತ ಗಟ್ಟಿ ಮಾಡಿಕೊಳ್ಳಿ.

ಈಗ ಆ್ಯಪ್‌ಗೆ ಬರೋಣ. ಈ ವಿಮಾನದ ಪ್ಯಾನೆಲ್‌ನಲ್ಲಿ ಡೈನಾನ್ ಕಂಪನಿಯ ಸ್ಕೈವ್ಯೂ ಅನ್ನುವ ಡಿಜಿಟಲ್ ಉಪಕರಣ ಇದೆ. ನಕ್ಷೆ, ಬೆಟ್ಟಗುಡ್ಡ, ಸುತ್ತಲಿನ ವಿಮಾನಗಳು, ಎಂಜಿನ್ನಿನ ಒಂದೊಂದು ಸಿಲಿಂಡರಿನ ಬಿಸಿ ಎಲ್ಲ ದೊಡ್ಡ ಪರದೆಯ ಮೇಲೆ. ಅಮೆರಿಕದ ಏರ್‌ಪೋರ್ಟ್ ಮತ್ತು ಏರ್‌ಸ್ಪೇಸ್ ಡೇಟಾ ಅವರು ಪುಕ್ಕಟೆ ಕೊಡುತ್ತಾರೆ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ ಆಯ್ತು. ಹೀಗಿರುವಾಗ ಟ್ಯಾಬ್ಲೆಟ್ ಎರಡನೇ ನಕ್ಷೆ ಅಷ್ಟೇ. ಅದಕ್ಕೆ 300 ಡಾಲರ್ ಯಾಕೆ? ಇನ್ನೊಂದು ವಿಷಯ: ಈ ಕ್ಯಾನಪಿಯ ಕೆಳಗೆ ಟೆಕ್ಸಾಸಿನ ಆಗಸ್ಟ್ ಬಿಸಿಲಿಗೆ ಟ್ಯಾಬ್ಲೆಟ್ ಕಾದು ಆಫ್ ಆಗಿಬಿಡುತ್ತದೆ. ಆ್ಯಪ್ ಎಷ್ಟು ದುಬಾರಿಯಾದರೂ ಅದೇ ಗತಿ.

ನಾನು ಬಳಸುವುದು ಅವೇರ್. ಆ್ಯಂಡ್ರಾಯ್ಡ್ ಆ್ಯಪ್, ಓಪನ್ ಸೋರ್ಸ್, ಪೂರ್ತಿ ಉಚಿತ. ಎಫ್‌ಎಎ ತನ್ನ ಚಾರ್ಟುಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲು ಬಿಟ್ಟಿರುವುದರಿಂದ ಇಂಥ ಆ್ಯಪ್ ಬದುಕಿವೆ. ನೋಡಲು ಅಂದವಿಲ್ಲ, ಮೆನುಗಳು ಎಲ್ಲೆಲ್ಲೋ ಇವೆ. ಜೊತೆಗೆ ಸ್ಟ್ರಾಟಕ್ಸ್ ಅನ್ನುವ ಎಡಿಎಸ್-ಬಿ ರಿಸೀವರ್, ಅಂದರೆ ಸುತ್ತಲಿನ ವಿಮಾನ, ಹವಾಮಾನದ ಮಾಹಿತಿಯನ್ನು ರೇಡಿಯೋದಲ್ಲಿ ಹಿಡಿಯುವ ಪೆಟ್ಟಿಗೆ. ರಾಸ್ಪ್‌ಬೆರಿ ಪೈ ಬೋರ್ಡಿಗೆ ಎರಡು ರೇಡಿಯೋ ಸಿಕ್ಕಿಸಿ ನಾನೇ ಜೋಡಿಸಿದ್ದು. ರೆಡಿ ರಿಸೀವರ್‌ಗೆ ಕೊಡುವ ದುಡ್ಡಿನಲ್ಲಿ ಅರ್ಧವೂ ಆಗಲಿಲ್ಲ. ಆಕಾಶದಲ್ಲಿ ಮಳೆಯ ರೇಡಾರ್ ಚಿತ್ರ ಬರುತ್ತದೆ, ಚಂದಾ ಇಲ್ಲ. ಆದರೆ ಆ ಚಿತ್ರ ಕೆಲವು ನಿಮಿಷ ಹಳೆಯದಿರುತ್ತದೆ. ಅದನ್ನು ನಂಬಿ ಎರಡು ಗುಡುಗುಮೋಡದ ಮಧ್ಯೆ ನುಗ್ಗಬಾರದು. ಇದು ಯಾವ ಆ್ಯಪ್‌ಗಾದರೂ ಸರಿ. ಮನೆಯಲ್ಲಿ ಪ್ಲಾನ್ ಮಾಡಲು ಸ್ಕೈವೆಕ್ಟರ್ ಅನ್ನುವ ವೆಬ್‌ಸೈಟ್ ಇದೆ, ಅದೂ ಉಚಿತ.

ಉಳಿದ ಎರಡು ಆ್ಯಪ್. ಗಾರ್ಮಿನ್ ಪೈಲಟ್: ಪ್ಯಾನೆಲ್‌ನ ಉಪಕರಣಗಳೆಲ್ಲ ಗಾರ್ಮಿನ್ ಕಂಪನಿಯವೇ ಆಗಿದ್ದರೆ ತಗೊಳ್ಳಿ, ಇಲ್ಲದಿದ್ದರೆ ನನಗೆ ಕಾರಣ ಕಾಣಲಿಲ್ಲ. ಫ್ಲೈಟ್‌ಪ್ಲಾನ್ ಗೋ: ಉಚಿತ, ಐಪ್ಯಾಡ್ ಇರುವವರಿಗೆ ಒಳ್ಳೆಯದು.

ಖರ್ಚು ಹೇಳದೆ ಹೋದರೆ ಸರಿಯಲ್ಲ. ವರ್ಷಕ್ಕೆ 80 ಗಂಟೆ ಅಂತ ಇಟ್ಟುಕೊಳ್ಳಿ. ಸೆಸ್ನಾ ಗಂಟೆಗೆ 185 ಡಾಲರ್, ಪೆಟ್ರೋಲ್ ಸೇರಿ. 14,800 ಆಯಿತು. ಆರ್‌ವಿಗೆ ಹ್ಯಾಂಗರ್ 4,200, ಇನ್ಶೂರೆನ್ಸ್ 1,700, ತಪಾಸಣೆ 900, ಸಣ್ಣಪುಟ್ಟದ್ದು 1,000. ಗಂಟೆಗೆ 8 ಗ್ಯಾಲನ್, ಗ್ಯಾಲನ್ನಿಗೆ 6 ಡಾಲರ್‌ನಂತೆ ಪೆಟ್ರೋಲ್ 3,840. ಎಂಜಿನ್ ಓವರ್‌ಹಾಲ್ 2,000 ಗಂಟೆಗೆ, ಅದಕ್ಕೆ ಅಂತ ಗಂಟೆಗೆ 15ರಂತೆ ಎತ್ತಿಡುವುದು 1,200. ಒಟ್ಟು 12,840. ವಿಮಾನ ಕೊಳ್ಳಲು ಹಾಕಿದ ದುಡ್ಡು ಬೇರೆ. ಉಳಿತಾಯ ಅಂಥ ದೊಡ್ಡದಲ್ಲ. ಆದರೆ ಇದರ 80 ಗಂಟೆಯಲ್ಲಿ ಹೋಗುವ ದೂರಕ್ಕೆ ಸೆಸ್ನಾಗೆ 110 ಗಂಟೆಯ ಹತ್ತಿರ ಬೇಕು. ಬರೀ ಉಳಿತಾಯಕ್ಕಾಗಿ ಕೊಳ್ಳುವವರು ಬಾಡಿಗೆಯಲ್ಲೇ ಇರುವುದು ವಾಸಿ.

ಸುರಕ್ಷತೆಯ ಮಾತೂ ಇದೆ. ಹೋಂಬಿಲ್ಟ್‌ಗಳ ಅಪಘಾತದ ಪ್ರಮಾಣ ಕಾರ್ಖಾನೆಯ ವಿಮಾನಗಳಿಗಿಂತ ಜಾಸ್ತಿ. ಹೊಸ ಮಾಲೀಕರ ಮೊದಲ ಕೆಲವು ಹಾರಾಟಗಳಲ್ಲಿ ಅಪಾಯ ಹೆಚ್ಚು. ಆರ್‌ವಿಯ ಸ್ಟಿಕ್ ಬೆರಳಿನಲ್ಲಿ ಒತ್ತಿದರೆ ಸಾಕು, ತಿರುಗಿಬಿಡುತ್ತದೆ. 172ಕ್ಕೆ ಪಳಗಿದ ಕೈಗೆ ಅದು ಗಾಬರಿ. ಅದೇ ಮಾಡೆಲ್‌ನಲ್ಲಿ ಕಲಿಸುವ ಇನ್‌ಸ್ಟ್ರಕ್ಟರ್ ಹಿಡಿದು ಟ್ರಾನ್ಸಿಷನ್ ಟ್ರೈನಿಂಗ್ ಮಾಡದೆ ಹಾರಿಸಬೇಡಿ.

ಒಳಗೆ ಎಲ್ಲರಿಗೂ ಕಾಣುವಂತೆ ಒಂದು ಫಲಕ ಇರಬೇಕು ಅಂತ ನಿಯಮ. ಈ ವಿಮಾನ ಹವ್ಯಾಸಿ ಕಟ್ಟಿದ್ದು, ಮಾಮೂಲಿ ವಿಮಾನಗಳ ಸರ್ಕಾರಿ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಅಂತ ಅದರಲ್ಲಿರುತ್ತದೆ. ಶಿವಮೊಗ್ಗದಿಂದ ಬಂದಿದ್ದ ಅಮ್ಮ ಸೀಟಿನಲ್ಲಿ ಕೂತು ಅದನ್ನು ಅಕ್ಷರ ಅಕ್ಷರ ಓದಿದರು. "ಏನೋ ಇದು, ಹೀಗೆ ಬರೆದಿದಾರೆ?" ಅಂದರು. ಹಿಂದಿನ ತಿಂಗಳ ತಪಾಸಣೆಯ ಫೋಟೋಗಳನ್ನು ತೋರಿಸಿ ಏನೇನು ನೋಡಿದ್ದೇವೆ ಅಂತ ಹೇಳಿದೆ. "ನೀನೇ ನೋಡಿದೀಯಲ್ಲ, ಸರಿ ನಡಿ" ಅಂದರು. ಫ್ರೆಡ್ರಿಕ್ಸ್‌ಬರ್ಗ್‌ಗೆ ಹೋಗಿ ರನ್‌ವೇ ಪಕ್ಕದ ಡೈನರ್‌ನಲ್ಲಿ ಕಾಫಿ ಕುಡಿದು ಬಂದೆವು.

ನಾನು ಹಗಲಲ್ಲಿ, ಒಳ್ಳೆಯ ಹವೆಯಲ್ಲಿ, ಒಬ್ಬನೇ ಅಥವಾ ಹೆಂಡತಿ ಜೊತೆ ಹಾರುವವನು. ಶನಿವಾರ ಪೂರ್ತಿ ಹ್ಯಾಂಗರ್‌ನಲ್ಲಿ ಕಳೆಯಲು ನನಗೆ ಬೇಸರವಿಲ್ಲ. ಇಬ್ಬರು ಮಕ್ಕಳಿದ್ದು ಅವರನ್ನೂ ಕರೆದುಕೊಂಡು ಹೋಗಬೇಕು ಅನ್ನುವವರಿಗೆ ಎರಡು ಸೀಟು ಸಾಲದು, ಕ್ಲಬ್ಬಿನ ಸೆಸ್ನಾ ಮತ್ತು ಫೋರ್‌ಫ್ಲೈಟ್‌ನ ಕಡಿಮೆ ಪ್ಲಾನ್ ಸರಿಹೋಗುತ್ತದೆ. ಸ್ಪ್ಯಾನರ್ ಹಿಡಿಯಲು ಇಷ್ಟವಿಲ್ಲದವರಿಗೂ ಅದೇ. ಮುಂದಿನ ವರ್ಷ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿಯೇ ಹಾರುವ ಅರ್ಹತೆ) ಮಾಡುವ ಯೋಚನೆ ಇದೆ. ಆಗ ಮೋಡದೊಳಗೆ ಅಪ್ರೋಚ್ ಚಾರ್ಟು (ಇಳಿಯುವ ದಾರಿಯ ನಕ್ಷೆ) ತಡಕಾಡುವಂತಿಲ್ಲ, ಫೋರ್‌ಫ್ಲೈಟ್‌ಗೆ ಮತ್ತೆ ದುಡ್ಡು ಕಟ್ಟುತ್ತೇನೆ. ಆರ್‌ವಿ ಮಾತ್ರ ಮಾರುವುದಿಲ್ಲ.