ಸತ್ಯವೇದವನ್ನು ದಿನವೂ ಓದುವ ಮೂರು ಕ್ರಮಗಳು: ನನ್ನ ಅನುಭವದ ಹೋಲಿಕೆ

ಕಳೆದ ಕೆಲವು ವರ್ಷಗಳಲ್ಲಿ ನಾನು ಸತ್ಯವೇದವನ್ನು (ಬೈಬಲನ್ನು) ಮೂರು ಕ್ರಮಗಳಲ್ಲಿ ಓದಿದ್ದೇನೆ: ಮೊದಲು ಅದರ ಆರಂಭದ ಪುಸ್ತಕವಾದ ಆದಿಕಾಂಡದಿಂದ ಕೊನೆಯ ಪುಸ್ತಕವಾದ ಪ್ರಕಟನೆಯವರೆಗೆ ನೇರವಾಗಿ, ಆಮೇಲೆ ದಿನಕ್ಕೆ ನಾಲ್ಕು ಪುಸ್ತಕಗಳಿಂದ ಒಂದೊಂದು ಅಧ್ಯಾಯದಂತೆ, ಕೊನೆಗೆ ಅದರೊಳಗಿನ ಒಂದೇ ಚಿಕ್ಕ ಪತ್ರಿಕೆಯನ್ನು, ಅಂದರೆ ಆದಿಕಾಲದ ಕ್ರೈಸ್ತ ಸಭೆಗೆ ಬರೆದ ಪತ್ರವನ್ನು, ತಿಂಗಳಿಡೀ ಮತ್ತೆ ಮತ್ತೆ. ಮೂರಕ್ಕೂ ಕೊಟ್ಟ ಸಮಯ ಒಂದೇ, ಮನೆಯವರು ಏಳುವ ಮುಂಚಿನ ಬೆಳಗಿನ ಹೊತ್ತು. ಎಷ್ಟು ಓದಿದೆ ಎನ್ನುವುದಕ್ಕಿಂತ ಓದಿದ್ದು ಎಷ್ಟು ತಿಳಿಯಿತು ಎಂಬುದನ್ನೇ ಇಲ್ಲಿ ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ನೇರವಾಗಿ ಓದುವ ಕ್ರಮದಲ್ಲಿ 66 ಪುಸ್ತಕಗಳ 1,189 ಅಧ್ಯಾಯಗಳನ್ನು ವರ್ಷದೊಳಗೆ ಮುಗಿಸಲು ದಿನಕ್ಕೆ ಮೂರು ಅಧ್ಯಾಯಕ್ಕಿಂತ ತುಸು ಹೆಚ್ಚು ಓದಬೇಕಾಗುತ್ತದೆ. ಕಥೆ ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಎಂಬುದು ಇಷ್ಟು ಚೆನ್ನಾಗಿ ಬೇರೆ ಯಾವ ಕ್ರಮದಲ್ಲೂ ಗೊತ್ತಾಗುವುದಿಲ್ಲ. ನ್ಯಾಯಸ್ಥಾಪಕರು ಪುಸ್ತಕದ ಕೊನೆಯ ಅಧ್ಯಾಯಗಳ ರಕ್ತಪಾತವನ್ನು ಓದಿ ಮನಸ್ಸು ಕುಗ್ಗಿದ್ದ ಮರುದಿನವೇ ರೂತಳ ಕಥೆ ಎದುರಾದಾಗ, ಅಂಥ ಕಾಲದಲ್ಲಿಯೂ ಬೇತ್ಲೆಹೇಮಿನ ಹೊಲದಲ್ಲಿ ಒಬ್ಬ ವಿಧವೆಗಾಗಿ ತೆನೆಗಳನ್ನು ಬೇಕೆಂದೇ ಉಳಿಸಿದವರಿದ್ದರು ಎಂದು ಕಂಡು ಬಹಳ ಹೊತ್ತು ಪುಟ ತಿರುವದೆ ಕುಳಿತಿದ್ದೆ. ಆದರೆ ಈ ಕ್ರಮದ ಕೊರತೆಯೂ ದೊಡ್ಡದು. ಸತ್ಯವೇದದ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲೇ 929 ಅಧ್ಯಾಯಗಳಿರುವುದರಿಂದ, ಹೊಸ ಒಡಂಬಡಿಕೆಯ ಆರಂಭದಲ್ಲಿ ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳನ್ನು ತಲುಪುವಷ್ಟರಲ್ಲಿ ಅಕ್ಟೋಬರ್ ನಡುಭಾಗ ಬಂದಿರುತ್ತದೆ. ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರ ಪಾಪಗಳಿಗಾಗಿ ನಡೆಯುತ್ತಿದ್ದ ದೋಷಪರಿಹಾರದ ದಿನದ ಎರಡು ಹೋತಗಳ ವಿಧಿಯನ್ನು ಫೆಬ್ರವರಿಯ ಆರಂಭದಲ್ಲಿ ಓದಿದ್ದೆ. ಅದಕ್ಕೆ ಬೆಳಕು ಕೊಡುವ ಇಬ್ರಿಯರಿಗೆ ಬರೆದ ಪತ್ರಿಕೆಯ 9ನೆಯ ಅಧ್ಯಾಯ ಡಿಸೆಂಬರ್ ನಡುವೆ ಬಂದಾಗ ಆ ವಿಧಿಯ ಒಂದು ವಿವರವೂ ನೆನಪಿನಲ್ಲಿ ಉಳಿದಿರಲಿಲ್ಲ, ಹಿಂದಕ್ಕೆ ಹೋಗಿ ಮತ್ತೆ ಓದಬೇಕಾಯಿತು.

ಎರಡನೆಯ ಕ್ರಮ ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಷೇನ್ ಅವರು 1842ರಲ್ಲಿ ತಮ್ಮ ಸಭೆಯವರಿಗಾಗಿ ಮಾಡಿಕೊಟ್ಟ ಪಟ್ಟಿ. ಇದರಂತೆ ಹಳೆ ಒಡಂಬಡಿಕೆ ವರ್ಷಕ್ಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುತ್ತವೆ. ಜನವರಿ 1ರ ಓದು ಆದಿಕಾಂಡ, ಎಜ್ರ, ಮತ್ತಾಯ, ಅಪೊಸ್ತಲರ ಕೃತ್ಯಗಳು, ಈ ನಾಲ್ಕರ ಮೊದಲ ಅಧ್ಯಾಯಗಳು: ಸೃಷ್ಟಿ, ಬಾಬೆಲಿನ ಸೆರೆಯಿಂದ ಯೆಹೂದ್ಯರ ಹಿಂದಿರುಗುವಿಕೆ, ಕ್ರಿಸ್ತನ ಜನನ, ಸಭೆಯ ಹುಟ್ಟಿಗೆ ಮುಂಚಿನ ಕಾಯುವಿಕೆ. ನಾಲ್ಕು ಆರಂಭಗಳನ್ನು ಒಂದೇ ಬೆಳಿಗ್ಗೆ ಓದಿದ ಆ ದಿನವನ್ನು ನಾನು ಮರೆತಿಲ್ಲ. ಸುವಾರ್ತೆಗಾಗಿ ಅಕ್ಟೋಬರಿನವರೆಗೆ ಕಾಯಬೇಕಾದ ಕಷ್ಟವೂ ಇಲ್ಲಿಲ್ಲ. ಆದರೆ ಒಂದು ದಿನ ತಪ್ಪಿದರೆ ಮರುದಿನ ಎಂಟು ಅಧ್ಯಾಯಗಳಾಗುತ್ತವೆ. ಮೂರು ದಿನ ಜ್ವರದಲ್ಲಿ ಮಲಗಿದ್ದ ನಾನು ಆಮೇಲೆ ಓದಿದ್ದು ಬಾಕಿ ತೀರಿಸುವ ಆತುರದಲ್ಲಿ. ಸಂಜೆಯ ಹೊತ್ತಿಗೆ ಯಾವ ಮಾತು ಯಾವ ಪುಸ್ತಕದ್ದು ಎಂದು ಕಲಸಿಹೋಗುತ್ತಿತ್ತು.

ಮೂರನೆಯ ಕ್ರಮಕ್ಕೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ಆರಿಸಿಕೊಂಡೆ. ನಾಲ್ಕೇ ಅಧ್ಯಾಯ, 104 ವಚನ. ನಿಧಾನವಾಗಿ ಓದಿದರೂ ಇಪ್ಪತ್ತು ನಿಮಿಷ ಸಾಕು. ಮೊದಲ ವಾರ ಹೊಸದೇನೂ ಕಾಣಲಿಲ್ಲ, ಬೇಸರವೂ ಆಯಿತು. ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ನಾಲ್ಕನೆಯ ಅಧ್ಯಾಯದಲ್ಲಿ ಪತ್ರಿಕೆಯನ್ನು ಬರೆದ ಅಪೊಸ್ತಲ ಪೌಲನು ಯುವೊದ್ಯ ಮತ್ತು ಸುಂತುಕೆ ಎಂಬ ಇಬ್ಬರು ಸ್ತ್ರೀಯರನ್ನು ಒಂದೇ ಮನಸ್ಸುಳ್ಳವರಾಗಿರಬೇಕೆಂದು ಬೇಡಿಕೊಳ್ಳುವಲ್ಲಿಗೆ ಬಂದಾಗ, ಇದೇ ಮಾತನ್ನು ಈಗತಾನೇ ಓದಿದೆನಲ್ಲ ಎನ್ನಿಸಿ ಹಿಂದಕ್ಕೆ ತಿರುವಿದೆ. ಎರಡನೆಯ ಅಧ್ಯಾಯದ ಆರಂಭದಲ್ಲಿ ಇಡೀ ಸಭೆಗೆ ಅವನು ಹೇಳುವುದೂ ಅದನ್ನೇ. ಗ್ರೀಕ್ ಮೂಲದಲ್ಲಿ ಎರಡು ಕಡೆಯೂ ಒಂದೇ ನುಡಿಗಟ್ಟಿದೆ. ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪ ಧರಿಸಿದನೆಂಬ ಆ ಮಹಾ ವಾಕ್ಯಗಳು ಈ ಎರಡರ ನಡುವೆ ಬರುತ್ತವೆ. ಬಾಲ್ಯದಿಂದ ಬಾಯಿಪಾಠವಾಗಿದ್ದ ಆ ಭಾಗವನ್ನು ನಾನು ಸಿದ್ಧಾಂತವೆಂದು ಮಾತ್ರ ತಿಳಿದಿದ್ದೆ. ಒಂದು ಸಭೆಯೊಳಗಿನ ಮನಸ್ತಾಪವನ್ನು ಸರಿಪಡಿಸಲು ಸೆರೆಯಲ್ಲಿದ್ದ ಪೌಲನು ಕ್ರಿಸ್ತನನ್ನೇ ಮುಂದಿಟ್ಟನೆಂಬುದು ಅಂದು ಮನಸ್ಸಿಗೆ ಹೊಳೆಯಿತು. ನನ್ನ ತಂಗಿಯೊಡನೆ ಎರಡು ವರ್ಷಗಳಿಂದ ನಿಂತುಹೋಗಿದ್ದ ಮಾತು ಅದೇ ವಾರ ಮತ್ತೆ ಆರಂಭವಾಯಿತು.

ಆದ್ದರಿಂದ ತಿಳಿವಳಿಕೆ ಬೆಳೆಯುವ ದೃಷ್ಟಿಯಿಂದ ಮೂರನೆಯ ಕ್ರಮವೇ ನನ್ನ ಆಯ್ಕೆ. ಆದರೂ ಸತ್ಯವೇದವನ್ನು ಒಮ್ಮೆಯೂ ಪೂರ್ತಿ ಓದದವರಿಗೆ ನಾನು ಇದನ್ನು ಮೊದಲು ಸೂಚಿಸಲಾರೆ. ಅವರು ಮೊದಲು ನೇರವಾಗಿಯೇ ಓದಲಿ, ಒಂದು ವರ್ಷ ಸಾಲದಿದ್ದರೆ ಎರಡು ವರ್ಷ ತೆಗೆದುಕೊಳ್ಳಲಿ. ಮೆಕ್‌ಷೇನ್ ಪಟ್ಟಿ ದಿನಕ್ಕೆ ಮುಕ್ಕಾಲು ಗಂಟೆ ತಪ್ಪದೆ ಕೊಡಬಲ್ಲವರಿಗೆ ಹೊಂದುತ್ತದೆ.

ಈಗ ನನ್ನ ಓದಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ನಡೆಯುತ್ತಿದೆ. ಅದರ ಕೊನೆಯಲ್ಲಿ ಫಿಲೆಮೋನನ ದಾಸನಾಗಿದ್ದ ಓನೇಸಿಮನ ಹೆಸರು ಕಂಡದ್ದರಿಂದ, ಅವನ ಪರವಾಗಿಯೇ ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯ 25 ವಚನಗಳನ್ನೂ ನಿನ್ನೆಯಿಂದ ಅದರ ಜೊತೆಗೆ ಓದುತ್ತಿದ್ದೇನೆ.