ಫೋಟೊ, ಪುಸ್ತಕ, ಭೂತಗನ್ನಡಿ: ಬೈತಖೋಲದ ಎರಡು ಚಿಪ್ಪು

ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಟ್ರಾಲರ್‌ಗಳು ಮತ್ತೆ ಕಡಲಿಗಿಳಿದ ವಾರ. ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಕೊಡವಿದ ಕಸದ ರಾಶಿಯಲ್ಲಿ ಕದಿರಿನಂಥ ಎರಡು ಬಸವನಹುಳುವಿನ ಚಿಪ್ಪು ಸಿಕ್ಕವು. ದಡದಲ್ಲಿ ಹೆಕ್ಕುವಂಥವಲ್ಲ, ಆಳದ ಕೆಸರಿನವು. ಎರಡೂ ಹೆಚ್ಚುಕಡಿಮೆ ಆರು ಸೆಂಟಿಮೀಟರ್, ಎರಡೂ ಕಂದು. ಹುಳು ಎಂದೋ ಸತ್ತು ಒಂದರಲ್ಲಿ ಸನ್ಯಾಸಿ ಏಡಿ ಬಾಡಿಗೆಗಿತ್ತು, ಅದೂ ಸತ್ತಿತ್ತು. ಕುದಿಸಿ ತೆಗೆದ ದಿನದ ವಾಸನೆಗೆ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಇವು ಯಾವ ಜಾತಿಯವೆಂದು ಗುರುತಿಸಬೇಕಿತ್ತು. ಮಾಂಸವೇ ಇಲ್ಲದ ಮೇಲೆ ಡಿಎನ್‌ಎ, ನಾಲಗೆಯ ಹಲ್ಲು ನೋಡುವುದೆಲ್ಲ ದೂರದ ಮಾತು. ಚಿಪ್ಪೊಂದೇ ಸಾಕ್ಷಿ.

ಮೊದಲು ಫೋನಿನ ಆ್ಯಪ್. ಒಣಗಿದ ಚಿಪ್ಪಿಗೆ ಒಂದು ಹೆಸರು, ಅದನ್ನೇ ಒದ್ದೆ ಮಾಡಿದರೆ ಇನ್ನೊಂದು, ಬಾಯಿ ಮೇಲೆ ಮಾಡಿಟ್ಟರೆ ನದಿಯ ಬಸವನಹುಳು! ಬಣ್ಣ ಮತ್ತು ಆಕಾರ ಬಿಟ್ಟರೆ ಅದಕ್ಕೆ ಬೇರೇನೂ ಕಾಣುವುದಿಲ್ಲ.

ಗೆಳೆಯನಿಂದ ತಂದ ಹಳೆಯ ಚಿತ್ರಪುಸ್ತಕ ಇದಕ್ಕಿಂತ ಮೇಲು, ಕನಿಷ್ಠ ಸರಿಯಾದ ಪುಟಕ್ಕೆ ಕರೆದೊಯ್ಯಿತು. ಆದರೆ ಎರಡನ್ನೂ ಟರಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿಸಿತ್ತು. ಆ ದೊಡ್ಡ ಮನೆ ಈಗ ಪಾಲಾಗಿದೆ. 2011ರಲ್ಲಿ ಚಿಪ್ಪುಜೀವಿಗಳ ತಜ್ಞ ಬೂಶೆ ಮತ್ತು ಸಂಗಡಿಗರು, ಟರಿಡೇಯೂ ಸೇರಿದಂತೆ, ಕೋನಸ್ ಎಂಬ ಶಂಕುವಿನಾಕಾರದ ಚಿಪ್ಪುಗಳ ಬಳಗವನ್ನೆಲ್ಲ ಹದಿನೈದು ಕುಟುಂಬಗಳಾಗಿ ವಿಂಗಡಿಸಿದರು. ಪುಸ್ತಕದ ಚಿತ್ರ ನಂಬಬಹುದು, ತಲೆಬರಹ ನಂಬುವಂತಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಶಿರಸಿಯ ಅಕ್ಕಸಾಲಿಗರೊಬ್ಬರಿಂದ ಎರವಲು ತಂದ ಹತ್ತು ಪಟ್ಟಿನ ಭೂತಗನ್ನಡಿ. ಈ ಬಳಗದ ಚಿಪ್ಪಿಗೆ ಬಾಯಿಯ ಹೊರ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಮುಂದಿನ ಕೊಳವೆಯಿಂದ ಒಳಬಂದ ನೀರು ಕಿವಿರು ತೊಳೆದು, ಹೊಲಸನ್ನೂ ಹೊತ್ತು ಹೊರಹೋಗುವುದು ಅಲ್ಲಿಂದ. ನನ್ನ ಎರಡೂ ಚಿಪ್ಪಿನ ಅಂಚು ಬಲೆಗೆ ಸಿಕ್ಕಿ ಮುರಿದಿತ್ತು, ಕಚ್ಚೇ ಇರಲಿಲ್ಲ. ಕೈಬಿಟ್ಟೆ ಅಂದುಕೊಂಡೆ. ಆದರೆ ಚಿಪ್ಪು ಬೆಳೆದಂತೆ ಹಳೆಯ ಕಚ್ಚು ಮುಚ್ಚುತ್ತ ಬಂದರೂ ಬೆಳವಣಿಗೆಯ ಗೆರೆ ಅಲ್ಲೆಲ್ಲ ಬಾಗಿಯೇ ಉಳಿದಿರುತ್ತದೆ. ಕಿಟಕಿಯ ಓರೆ ಬೆಳಕಿಗೆ ಹಿಡಿದು ತಿರುಗಿಸಿದರೆ, ಹಿಂದಿನ ಸುತ್ತುಗಳ ಮೇಲೂ ಆ ಬಾಗು ಕಾಣುತ್ತದೆ.

ಒಂದರಲ್ಲಿ ಬಾಗು ಹೆಗಲಿನ ಇಳಿಜಾರಿನ ಮೇಲಿತ್ತು, ಅದರ ಕೆಳಗೆ ಓರೆಯಾದ ಗಂಟುಗಳ ಸಾಲು. ಅದು ಟರಿಕ್ಯುಲಾ ಜವಾನಾ, ಲಿನೇಯಸ್ 1767ರಲ್ಲಿ ಹೆಸರಿಟ್ಟದ್ದು. ಹೆಸರು ಜಾವಾದ್ದು, ವಾಸ ನಮ್ಮ ಕಡಲಲ್ಲೂ. ಈಗ ಅದರ ಕುಟುಂಬ ಕ್ಲಾವಾಟುಲಿಡೇ. ಇನ್ನೊಂದರಲ್ಲಿ ಬಾಗು ಸುತ್ತಿನ ನಡುವೆ ಎದ್ದ ಏಣಿನ ಮೇಲೇ ಕೂತಿತ್ತು. ಅದು ನಿಜವಾದ ಟರಿಡ್, ಅಂದರೆ ಈಗಲೂ ಟರಿಡೇ ಕುಟುಂಬದ್ದೇ. ಆ್ಯಪ್‌ಗೆ ಅವಳಿಜವಳಿಯಂತೆ ಕಂಡವು ಬೇರೆ ಬೇರೆ ಮನೆತನದವು.

ಭೂತಗನ್ನಡಿಯೂ ಎಲ್ಲ ಹೇಳಿತು ಅನ್ನಲಾರೆ. ಎರಡನೆಯದು ಯುನೆಡೋಜೆಮ್ಯುಲಾ ಇಂಡಿಕಾ ಇರಬೇಕು. ಖಚಿತಪಡಿಸಲು ತುದಿಯ ಮರಿಚಿಪ್ಪು ನೋಡಬೇಕಿತ್ತು. ಅದರ ಸುತ್ತು ಹೆಚ್ಚಿದ್ದರೆ ಮರಿ ಬಹುಕಾಲ ನೀರಲ್ಲಿ ತೇಲಿತ್ತೆಂದು, ಕಡಿಮೆಯಿದ್ದರೆ ಮೊಟ್ಟೆಯಿಂದ ನೇರ ತೆವಳುತ್ತ ಬಂತೆಂದು ಸಾಮಾನ್ಯ ಲೆಕ್ಕ. ನನ್ನದರ ತುದಿ ಪೂರಾ ಸವೆದುಹೋಗಿದೆ. ಬೆಂಕಿಪೊಟ್ಟಣದ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು ಬರೆದು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟಿದ್ದೇನೆ. ಭೂತಗನ್ನಡಿ ಇನ್ನೂ ವಾಪಸು ಕೊಟ್ಟಿಲ್ಲ.