ಸ್ಟಾರ್ ಗೋಲ್ಡೋ, ಒನ್‌ವರ್ಲ್ಡ್ ಸಫೈರೋ: ಲಾಂಜ್ ಪ್ರವೇಶದ ಲೆಕ್ಕ

ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವವರು ಫ್ರಾಂಕ್‌ಫರ್ಟಿನಲ್ಲಿ ಲುಫ್ತಾನ್ಸಾ ವಿಮಾನ ಬದಲಿಸಿದರೆ ಸ್ಟಾರ್ ಅಲಯನ್ಸ್ ಎಂಬ ವಿಮಾನ ಸಂಸ್ಥೆಗಳ ಒಕ್ಕೂಟದ ನಿಯಮಕ್ಕೂ, ಲಂಡನ್ನಿನಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನ ಬದಲಿಸಿದರೆ ಒನ್‌ವರ್ಲ್ಡ್ ಎಂಬ ಇನ್ನೊಂದು ಒಕ್ಕೂಟದ ನಿಯಮಕ್ಕೂ ಒಳಪಡುತ್ತಾರೆ. ಪದೇ ಪದೇ ಹಾರುವವರಿಗೆ ಸಿಗುವ ಸದಸ್ಯ ದರ್ಜೆಗಳಾದ ಸ್ಟಾರ್ ಗೋಲ್ಡ್ ಆಗಲಿ, ಒನ್‌ವರ್ಲ್ಡ್ ಸಫೈರ್ ಆಗಲಿ, ಎಕಾನಮಿ ಟಿಕೆಟ್ ಹಿಡಿದವರನ್ನೂ ಜೊತೆಗೊಬ್ಬ ಸಹಪ್ರಯಾಣಿಕರನ್ನೂ ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯಾದ ಲಾಂಜ್‌ಗೆ ಬಿಡುತ್ತದೆ. ಒನ್‌ವರ್ಲ್ಡ್‌ನಲ್ಲಿ ಇದರ ಮೇಲೆ ಎಮರಾಲ್ಡ್ ಎಂಬ ದರ್ಜೆಯಿದ್ದು, ಅದಕ್ಕೆ ಫಸ್ಟ್ ಕ್ಲಾಸ್ ಲಾಂಜ್ ಕೂಡ ತೆರೆದಿರುತ್ತದೆ. ಸ್ಟಾರ್‌ನಲ್ಲಿ ಗೋಲ್ಡೇ ತುತ್ತತುದಿ.

ನಿಜವಾದ ವ್ಯತ್ಯಾಸ ತಿಳಿಯುವುದು ಅಮೆರಿಕದೊಳಗಿನ ಪ್ರಯಾಣದಲ್ಲಿ. ಸ್ಟಾರ್ ಒಕ್ಕೂಟದ ಅಮೆರಿಕನ್ ಸಂಸ್ಥೆ ಯುನೈಟೆಡ್‌ನದೇ ಗೋಲ್ಡ್ ಸದಸ್ಯರಿಗೆ ಕೇವಲ ದೇಶೀಯ ಪ್ರಯಾಣದಲ್ಲಿ ಅದರ ಲಾಂಜ್ ಆದ ಯುನೈಟೆಡ್ ಕ್ಲಬ್ ಸಿಗುವುದಿಲ್ಲ, ಆದರೆ ಅದೇ ಒಕ್ಕೂಟದ ಏರ್ ಇಂಡಿಯಾದ ಮೂಲಕ ಗೋಲ್ಡ್ ಆದವರಿಗೆ ಸಿಗುತ್ತದೆ. ಮನೆಯ ಮಗನಿಗಿಲ್ಲದ ಸತ್ಕಾರ ನೆಂಟನಿಗೆ! ಒನ್‌ವರ್ಲ್ಡ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಸದಸ್ಯರ ಪಾಡೂ ಇದೇ. ಆದ್ದರಿಂದ ಅಲ್ಲಿ ನೆಲೆಸಿರುವವರು ಹಾರಾಟಕ್ಕೆ ಸಿಗುವ ಮೈಲುಗಳೆಂಬ ಅಂಕಗಳನ್ನು ಹೊರದೇಶದ ಪಾಲುದಾರ ಸಂಸ್ಥೆಯ ಖಾತೆಗೆ ಹಾಕಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್ ದಾರಿ ಹಿಡಿಯುವವರಿಗೆ ಸ್ಕೈಟೀಮ್ ಎಂಬ ಮತ್ತೊಂದು ಒಕ್ಕೂಟದ ಎಲೀಟ್ ಪ್ಲಸ್ ದರ್ಜೆ ಇದೆಯಾದರೂ, ಅದರ ಲಾಂಜ್ ಸೌಲಭ್ಯ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಸೀಮಿತ.

ಟಿಕೆಟ್ಟಿನಲ್ಲಿ ‘ಆಪರೇಟೆಡ್ ಬೈ’ ಎಂಬ ಸಣ್ಣಕ್ಷರದ ಸಾಲನ್ನು ತಪ್ಪದೆ ಓದಬೇಕು: ಬ್ರಿಟಿಷ್ ಏರ್‌ವೇಸ್ ಸಂಖ್ಯೆಯಿದ್ದರೂ ಹಾರಿಸುವುದು ಇಂಡಿಗೋ ಆದರೆ, ಅದು ಒನ್‌ವರ್ಲ್ಡ್ ಸದಸ್ಯನಲ್ಲದ ಕಾರಣ, ಆ ಹಾರಾಟಕ್ಕೆ ಸಫೈರ್ ಕಾರ್ಡಿನ ಲಾಂಜ್ ಹಕ್ಕು ಅನ್ವಯಿಸುವುದಿಲ್ಲ.